ಪಾಯಕ್ಕೆ ದಾರ ಎಳೆಯುವ ಮೊದಲು

ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಮನೆ ಕಟ್ಟುವವರು ಬಹುತೇಕ ಎಲ್ಲಕ್ಕೂ ತಾವೇ ಓಡಾಡುತ್ತಾರೆ. ಯಾವ ಮೇಸ್ತ್ರಿಯ ಕೈ ಅಚ್ಚುಕಟ್ಟು, ಬಾಗಿಲ ಚೌಕಟ್ಟಿಗೆ ಹೊನ್ನೆಯೋ ಸಾಗುವಾನಿಯೋ, ಬೋರ್‌ವೆಲ್ ಯಾವ ಮೂಲೆಗೆ, ಎಲ್ಲವನ್ನೂ ನಾಲ್ಕು ಜನರನ್ನು ಕೇಳಿ ತೀರ್ಮಾನಿಸುತ್ತಾರೆ. ಒಂದು ಕೆಲಸವನ್ನು ಮಾತ್ರ ಇನ್ನೊಬ್ಬರ ಕೈಗೆ ಒಪ್ಪಿಸಿ ಮರೆತುಬಿಡುತ್ತಾರೆ. ಅದು ಕಟ್ಟಡ ಪರವಾನಗಿ. ‘ಲೈಸೆನ್ಸ್ ನಾನು ಮಾಡಿಸಿಕೊಡ್ತೀನಿ ಬಿಡಿ’ ಎಂದು ಯಾರೋ ಮುಂದೆ ಬರುತ್ತಾರೆ. ಯಜಮಾನರು ತೋರಿಸಿದ ಕಡೆಯೆಲ್ಲ ಸಹಿ ಹಾಕುತ್ತಾರೆ. ಮಂಜೂರಾದ ನಕ್ಷೆ ಬ್ಯಾಂಕಿನ ಫೈಲು ಸೇರುತ್ತದೆ. ಮನೆ ಮೇಸ್ತ್ರಿಯ ತಲೆಯಲ್ಲಿರುವ ಬೇರೊಂದು ನಕ್ಷೆಯ ಪ್ರಕಾರ ಏಳುತ್ತದೆ.

ಮೊದಲ ಸಲ ಮನೆ ಕಟ್ಟಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮಕ್ಕಳಿಗೆ ಪಾಠ ಹೇಳುವವನು. ಕಾನೂನಿನ ಭಾಷೆ ಇಲ್ಲಿ ಅಲ್ಲಲ್ಲಿ ಬರುತ್ತದೆ, ಹೆದರಬೇಡಿ, ಒಂದೊಂದಾಗಿ ಬಿಡಿಸಿಕೊಳ್ಳೋಣ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದು ಮಾತು. ಪರವಾನಗಿಗೆ ನಿಜವಾದ ಬೆಲೆ ಬರುವುದು ಪಾಯಕ್ಕೆ ದಾರ ಎಳೆಯುವ ದಿನ. ಅಂದು ಗೋಡೆಯನ್ನು ಅರ್ಧ ಅಡಿ ಹಿಂದಕ್ಕೆ ಸರಿಸಲು ಒಂದು ಹಿಡಿ ಸುಣ್ಣದ ಪುಡಿ ಸಾಕು. ಚಾವಣಿಯ ಮೋಲ್ಡ್ ಹಾಕಿದ ಮೇಲೆ ಅದೇ ಅರ್ಧ ಅಡಿಗೆ ನೋಟಿಸು, ವಕೀಲರು, ವರ್ಷಗಟ್ಟಲೆ ಅಲೆದಾಟ.

ಮೊದಲು, ಪರವಾನಗಿ ಕೊಡುವವರು ಯಾರು ನೋಡೋಣ. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಸಾವಿರ ಜನಸಂಖ್ಯೆಯ ಊರಿಗೆ ಪಟ್ಟಣ ಪಂಚಾಯತಿ, ಐವತ್ತು ಸಾವಿರದವರೆಗೆ ಪುರಸಭೆ, ಮೂರು ಲಕ್ಷದವರೆಗೆ ನಗರಸಭೆ. ಈ ಮೂರಕ್ಕೂ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯೇ ಆಧಾರ. ಮಹಾನಗರ ಪಾಲಿಕೆಗಳಿಗೆ ಬೇರೆ ಕಾಯ್ದೆ ಇದೆ, 1976ರದ್ದು. ಪುರಸಭೆಗಳ ಕಾಯ್ದೆಯ 187ನೇ ಕಲಂ ಹೊಸ ಕಟ್ಟಡಕ್ಕೆ ಸಂಬಂಧಿಸಿದ್ದು. ಹೊಸದಾಗಿ ಕಟ್ಟುವ ಮೊದಲು, ಇದ್ದುದಕ್ಕೆ ಸೇರಿಸಿ ಕಟ್ಟುವ ಮೊದಲು ನಕ್ಷೆ ಸಮೇತ ತಿಳಿಸಿ ಅನುಮತಿ ಪಡೆಯಬೇಕು ಎನ್ನುತ್ತದೆ ಅದು. ಸಂವಿಧಾನದ 74ನೇ ತಿದ್ದುಪಡಿಯ ಜೊತೆ ಬಂದ ಹನ್ನೆರಡನೇ ಅನುಸೂಚಿಯಲ್ಲಿ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಮೊದಲನೆಯದು ನಗರ ಯೋಜನೆ, ಎರಡನೆಯದು ಭೂಮಿಯ ಬಳಕೆ ಮತ್ತು ಕಟ್ಟಡ ನಿರ್ಮಾಣದ ನಿಯಂತ್ರಣ. ಕುಡಿಯುವ ನೀರು, ಕಸ, ಬೀದಿದೀಪ ಎಲ್ಲ ಪಟ್ಟಿಯಲ್ಲಿ ಆಮೇಲೆ ಬರುತ್ತವೆ. ಕಟ್ಟಡದ ಮೇಲೆ ಕಣ್ಣಿಡುವುದು ನಗರಸಭೆಯ ಮೂಲ ಕೆಲಸಗಳಲ್ಲೊಂದು ಎಂಬುದನ್ನು ಊರಿನವರು ಅರಿತಿರಬೇಕು ಎಂಬ ಕಾರಣಕ್ಕೆ ಇದನ್ನು ಹೇಳಿದೆ.

ನಗರಸಭೆಯ ಜೊತೆಗೆ ಇನ್ನೊಂದು ಕಚೇರಿ ಇದೆ. ಊರಿಗೆ ನಗರಾಭಿವೃದ್ಧಿ ಪ್ರಾಧಿಕಾರವೋ ಯೋಜನಾ ಪ್ರಾಧಿಕಾರವೋ ಇದ್ದರೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಅದು ಊರಿಗೆಲ್ಲ ಒಂದು ಮಹಾಯೋಜನೆ ಮಾಡಿರುತ್ತದೆ. ಅದರ ನಕ್ಷೆಯಲ್ಲಿ ವಾಸದ ಪ್ರದೇಶಕ್ಕೆ ಹಳದಿ, ಉದ್ಯಾನಕ್ಕೆ ಹಸಿರು, ಹೀಗೆ ಬಣ್ಣಗಳಿರುತ್ತವೆ. ಸೈಟು ಕೊಳ್ಳುವ ಮೊದಲೇ ಆ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರು ಯಾವ ಬಣ್ಣದೊಳಗಿದೆ ಎಂದು ನೋಡಿ. ಮುಂದೆ ಅಗಲವಾಗಲಿರುವ ರಸ್ತೆಯ ಗೆರೆ ನಿಮ್ಮ ಅಂಗಳದ ಮೇಲೆ ಹಾದುಹೋಗಿದ್ದರೂ ಅದು ಅಲ್ಲೇ ತಿಳಿಯುವುದು.

ಕಾಗದಪತ್ರಗಳ ವಿಷಯದಲ್ಲಿ ಹೊಸಬರು ಎಡವುವುದು ಖಾತೆಯ ಹತ್ತಿರ. ಖಾತೆ ಎಂದರೆ ತೆರಿಗೆ ವಹಿಯಲ್ಲಿ ನಿಮ್ಮ ಹೆಸರಿನ ದಾಖಲೆ. ಅದು ಹಕ್ಕುಪತ್ರವಲ್ಲ, ಕಟ್ಟಲು ಅನುಮತಿಯೂ ಅಲ್ಲ. ಕೃಷಿ ಜಮೀನು ಮನೆ ಸೈಟಾಗಬೇಕಾದರೆ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಪರಿವರ್ತನೆ ಆಗಬೇಕು. ಜನ ಇದನ್ನು ಡಿಸಿ ಕನ್ವರ್ಷನ್ ಎನ್ನುತ್ತಾರೆ. ಆಮೇಲೆ ಬಡಾವಣೆಯ ನಕ್ಷೆಗೆ ಪ್ರಾಧಿಕಾರದ ಮಂಜೂರಾತಿ ಸಿಗಬೇಕು. ರಸ್ತೆ, ಚರಂಡಿ, ಉದ್ಯಾನದ ಜಾಗ ಬಿಟ್ಟುಕೊಟ್ಟಾಗಲೇ ಆ ಮಂಜೂರಾತಿ. ಇವೆರಡೂ ಇಲ್ಲದೆ ಹೊಲವನ್ನು ತುಂಡು ಮಾಡಿ ಮಾರಿದ್ದನ್ನು ಕಂದಾಯ ನಿವೇಶನ ಎನ್ನುತ್ತಾರೆ. ಅಂಥವುಗಳಿಂದಲೂ ತೆರಿಗೆ ವಸೂಲಾಗಲಿ ಎಂದು ಬಿ-ಖಾತೆ ಬಂದಿದೆ. ತೆರಿಗೆ ಕಟ್ಟಿದ ರಸೀದಿ ಕೈಯಲ್ಲಿದೆ ಎಂದಮಾತ್ರಕ್ಕೆ ಆ ನಿವೇಶನ ಸಕ್ರಮವಾಗಲಿಲ್ಲ.

‘ಈಗ ಕಟ್ಟಿಬಿಡಿ, ಮುಂದೆ ಸಕ್ರಮ ಆಗುತ್ತೆ’ ಎಂಬ ಮಾತು ನಿಮ್ಮ ಕಿವಿಗೂ ಬೀಳುತ್ತದೆ. ಅಕ್ರಮ-ಸಕ್ರಮದ ಕಥೆ ಗೊತ್ತಿದ್ದರೆ ಆ ಮಾತನ್ನು ತೂಗಿ ನೋಡಬಹುದು. ವಾಸದ ಕಟ್ಟಡದಲ್ಲಿ ಶೇ 50ರವರೆಗೆ, ವಾಣಿಜ್ಯ ಕಟ್ಟಡದಲ್ಲಿ ಶೇ 25ರವರೆಗೆ ಉಲ್ಲಂಘನೆಯನ್ನು ಶುಲ್ಕ ಕಟ್ಟಿಸಿಕೊಂಡು ಒಪ್ಪಲು ಸರ್ಕಾರ 2014ರಲ್ಲಿ ನಿಯಮ ತಂದಿತು. ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಒಂದೇ ತಿಂಗಳಲ್ಲಿ, 2017ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದನ್ನೇ ನಂಬಿ ಕಟ್ಟಿದವರ ಮಕ್ಕಳು ಈಗ ಕಾಲೇಜು ಮೆಟ್ಟಿಲು ಹತ್ತಿದ್ದಾರೆ. ಬರಬಹುದಾದ ಯೋಜನೆಯ ಮೇಲೆ ಮನೆ ಕಟ್ಟಬೇಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಈಗ ನಕ್ಷೆಯನ್ನು ಬಿಚ್ಚಿ ಮೇಜಿನ ಮೇಲೆ ಹರಡಿ. ಮೇಲಿನ ಒಂದು ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ, ಅದರ ಹತ್ತಿರ ಊರಿನ ಯಾವ ಭಾಗದಲ್ಲಿ ಸೈಟಿದೆ ಎಂದು ತೋರಿಸುವ ಸಣ್ಣ ಚಿತ್ರ ಇರುತ್ತದೆ. ನಿವೇಶನದ ನಕ್ಷೆಯಲ್ಲಿ ನಾಲ್ಕು ದಿಕ್ಕಿಗೂ ಚಕ್ಕುಬಂದಿ ಬರೆದಿರುತ್ತದೆ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥ ನಂಬರಿನ ಸೈಟು, ಹೀಗೆ. ಇದನ್ನು ನಿಮ್ಮ ಕ್ರಯಪತ್ರದ ಚಕ್ಕುಬಂದಿಯ ಜೊತೆ ಅಕ್ಷರ ಅಕ್ಷರ ಹೋಲಿಸಿ ನೋಡಿ. ಹೊಸದಾಗಿ ಕಟ್ಟುವುದಕ್ಕೆ ಕೆಂಪು ತುಂಬಿರುತ್ತಾರೆ, ಕೆಡವಲಿರುವ ಹಳೆಯದಕ್ಕೆ ಹಳದಿ ಗೀರು ಹಾಕಿರುತ್ತಾರೆ. ಕೆಂಪಿನ ಸುತ್ತ ಖಾಲಿ ಬಿಟ್ಟ ಅಂಚೇ ಸೆಟ್‌ಬ್ಯಾಕು. ಮುಂದೆ ಇಷ್ಟು, ಹಿಂದೆ ಇಷ್ಟು, ಎಡಬಲಕ್ಕೆ ಇಷ್ಟು ಎಂದು ಅಳತೆ ಬರೆದಿರುತ್ತದೆ. ಸೈಟಿನ ಗಾತ್ರ ಹಾಗೂ ಕಟ್ಟಡದ ಎತ್ತರದ ಜೊತೆ ಈ ಅಳತೆ ಬದಲಾಗುವುದರಿಂದ ಪಕ್ಕದ ಮನೆಯವರು ಬಿಟ್ಟಷ್ಟೇ ನಾವೂ ಬಿಟ್ಟರೆ ಸಾಕು ಎನ್ನುವಂತಿಲ್ಲ.

ಅದರ ಕೆಳಗೆ ಪ್ರತಿ ಮಹಡಿಯ ನಕ್ಷೆ. ಆಮೇಲೆ ಛೇದ ಚಿತ್ರ, ಅಂದರೆ ಮನೆಯನ್ನು ಮೇಲಿಂದ ಕೆಳಕ್ಕೆ ಸೀಳಿದರೆ ಕಾಣುವ ನೋಟ. ಪಾಯದ ಆಳ, ನೆಲಗಟ್ಟಿನ ಎತ್ತರ, ಚಾವಣಿಯ ಎತ್ತರ ತಿಳಿಯುವುದು ಇದರಲ್ಲೇ. ಹೊಸಬರು ಈ ಚಿತ್ರವನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ. ಅಲ್ಲಿ ನಿಂತು ನೋಡಿ. ಸುತ್ತಲಿನ ನೆಲಕ್ಕಿಂತ ನೆಲಗಟ್ಟು ಕನಿಷ್ಠ 450 ಮಿಲಿಮೀಟರ್, ಅಂದರೆ ಒಂದೂವರೆ ಅಡಿ, ಮೇಲಿರಬೇಕು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ನಮ್ಮ ಊರುಗಳಲ್ಲಿ ಹಳೆಯ ರಸ್ತೆ ಅಗೆಯದೆ ಅದರ ಮೇಲೆಯೇ ಡಾಂಬರು, ಆಮೇಲೆ ಕಾಂಕ್ರೀಟು ಹಾಕುತ್ತ ಹೋಗುತ್ತಾರೆ. ಇಂದಿನ ಒಂದೂವರೆ ಅಡಿ ಹತ್ತು ಹದಿನೈದು ವರ್ಷದಲ್ಲಿ ಅರ್ಧ ಅಡಿಯಾಗಿ, ಜೋರು ಮಳೆಗೆ ಚರಂಡಿ ನೀರು ನಡುಮನೆಗೆ ಬಂದಿರುವುದನ್ನು ಎಷ್ಟೋ ಊರಲ್ಲಿ ಕಾಣಬಹುದು.

ನಕ್ಷೆಯ ಬಲಬದಿಯಲ್ಲಿ ವಿಸ್ತೀರ್ಣದ ಪಟ್ಟಿ ಇರುತ್ತದೆ. ಅಲ್ಲಿ ಎಫ್‌ಎಆರ್ ಎಂಬ ಅಂಕಿ ಕಾಣುತ್ತದೆ, ಅಂದರೆ ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ. ನಿಮ್ಮದು ಮೂವತ್ತು-ನಲವತ್ತರ ಸೈಟು, 1200 ಚದರಡಿ. ನಿಮ್ಮ ರಸ್ತೆಗೆ ಎಫ್‌ಎಆರ್ 1.75 ಎಂದು ಇಟ್ಟುಕೊಳ್ಳಿ. ಎಲ್ಲ ಮಹಡಿಗಳನ್ನೂ ಕೂಡಿಸಿದರೆ ಕಟ್ಟಬಹುದಾದದ್ದು 2100 ಚದರಡಿ. ಸೆಟ್‌ಬ್ಯಾಕು ಬಿಟ್ಟು ಪ್ರತಿ ಮಹಡಿಗೆ 700 ಚದರಡಿ ಸಿಕ್ಕರೆ ಮೂರು ಮಹಡಿಗೆ ಲೆಕ್ಕ ಮುಗಿಯಿತು. ನಾಲ್ಕನೆಯದನ್ನು ‘ಟೆರೇಸಿನ ಮೇಲೊಂದು ರೂಮು ಅಷ್ಟೇ’ ಎಂದು ಏರಿಸಿದರೆ ಅದು ಲೆಕ್ಕದ ಹೊರಗೆ. ರಸ್ತೆ ಅಗಲವಾದಷ್ಟೂ ಎಫ್‌ಎಆರ್ ಹೆಚ್ಚುವುದಕ್ಕೆ ಕಾರಣವಿದೆ. ಆ ಬೀದಿಯ ನೀರಿನ ಪೈಪು, ಒಳಚರಂಡಿ, ವಾಹನ ನಿಲ್ಲುವ ಜಾಗ ಎಷ್ಟು ಜನರ ಭಾರ ಹೊರಬಲ್ಲವು ಎಂಬ ಅಂದಾಜು ಆ ಅಂಕಿಯೊಳಗಿದೆ.

ಈ ನಿಯಮಗಳೆಲ್ಲ ಎಲ್ಲಿಂದ ಬಂದವು? ಭಾರತೀಯ ಮಾನಕ ಬ್ಯೂರೋ ಹೊರತರುವ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಬಂದದ್ದು 1970ರಲ್ಲಿ. 1983, 2005, 2016ರಲ್ಲಿ ಅದು ಪರಿಷ್ಕರಣೆಯಾಯಿತು. ಅದು ತಾನಾಗಿಯೇ ಕಾನೂನಲ್ಲ. ರಾಜ್ಯ, ನಗರಸಭೆಗಳು ತಮ್ಮ ಉಪವಿಧಿಗಳಲ್ಲಿ ಅಳವಡಿಸಿಕೊಂಡಾಗ ಅದಕ್ಕೆ ಬಲ ಬರುತ್ತದೆ. ಕರ್ನಾಟಕದ ಪುರಸಭೆಗಳಿಗೆ 2017ರಲ್ಲಿ ಮಾದರಿ ಕಟ್ಟಡ ಉಪವಿಧಿಗಳು ಬಂದವು. ನಿಮ್ಮ ಊರಿಗೆ ಅನ್ವಯವಾಗುವ ಪ್ರತಿಯನ್ನು ನಗರಸಭೆಯಲ್ಲಿ ಕೇಳಿ ಪಡೆಯಿರಿ.

ಸಂಹಿತೆಯನ್ನು ಓದುವಾಗ ನನಗೆ ಅದರ ಮೇಲೆ ಗೌರವ ಹೆಚ್ಚುವುದು ಕಿಟಕಿಯ ನಿಯಮದಲ್ಲಿ. ಒಣ ಬಿಸಿಲಿನ ಸೀಮೆಯಲ್ಲಿ ಕೋಣೆಯ ನೆಲದ ಹತ್ತರಲ್ಲೊಂದು ಪಾಲಿನಷ್ಟು ಕಿಟಕಿ ಸಾಕು, ತೇವದ ಸೆಕೆ ಇರುವ ಸೀಮೆಯಲ್ಲಿ ಆರರಲ್ಲೊಂದು ಪಾಲು ಬೇಕು ಎನ್ನುತ್ತದೆ ಅದು. ಹತ್ತಡಿ-ಹನ್ನೆರಡಡಿ ಕೋಣೆಗೆ ಕಲಬುರಗಿಯಲ್ಲಿ 12 ಚದರಡಿ ಕಿಟಕಿಯಾದರೆ ಉಡುಪಿಯಲ್ಲಿ 20. ಬಯಲುಸೀಮೆಯಲ್ಲಿ ಬಿಸಿಗಾಳಿ ಒಳಗೆ ಬಾರದಿರಲಿ, ಕರಾವಳಿಯಲ್ಲಿ ಗಾಳಿ ಆಡುತ್ತಿರಲಿ ಎಂಬ ಯೋಚನೆ. ನಮ್ಮ ಹಳೆಯ ಮನೆಗಳನ್ನು ಕಟ್ಟಿದವರಿಗೂ ಇದು ತಿಳಿದಿತ್ತು. ಈಗ ಎರಡೂ ಕಡೆ ಅದೇ ನಾಲ್ಕಡಿ ಕಿಟಕಿ, ಅದೂ ಪಕ್ಕದವರ ಗೋಡೆಗೆ ಮುಖ ಮಾಡಿ.

ಮೆಟ್ಟಿಲನ್ನೂ ನೋಡಿ. ಮನೆಯಲ್ಲಿ ಒಂದು ಮೆಟ್ಟಿಲಿನ ಎತ್ತರ 190 ಮಿಲಿಮೀಟರ್ ಮೀರಬಾರದು, ಕಾಲಿಡುವ ಜಾಗ 250ಕ್ಕಿಂತ ಕಡಿಮೆ ಇರಬಾರದು. ಮಹಡಿಯ ಎತ್ತರ ಮೂರು ಮೀಟರ್ ಇದ್ದರೆ 16 ಮೆಟ್ಟಿಲು ಬೇಕು. ಜಾಗ ಸಾಲದೆಂದು ಮೇಸ್ತ್ರಿ ಅದನ್ನೇ 13ಕ್ಕೆ ಇಳಿಸಿದರೆ ಒಂದೊಂದೂ 230 ಮಿಲಿಮೀಟರ್ ಆಗುತ್ತದೆ. ನಲವತ್ತರ ವಯಸ್ಸಿನಲ್ಲಿ ಅದು ಗೊತ್ತಾಗುವುದಿಲ್ಲ. ಎಪ್ಪತ್ತಾದ ಅವ್ವನಿಗೆ ಟೆರೇಸು ಅಲ್ಲಿಗೆ ಮುಗಿಯಿತು.

ಸೆಟ್‌ಬ್ಯಾಕಿನ ವಿಷಯದಲ್ಲಿ ಜನಕ್ಕೆ ಹೊಟ್ಟೆಯುರಿ ಹೆಚ್ಚು. ಚದರಡಿಗೆ ಸಾವಿರಾರು ರೂಪಾಯಿ ಕೊಟ್ಟ ಜಾಗವನ್ನು ಖಾಲಿ ಬಿಡುವುದೇ ಎಂಬ ಸಂಕಟ ನನಗೂ ಅರ್ಥವಾಗುತ್ತದೆ. ಆದರೆ ನೆಲದ ಮೇಲೆ ಕಾಣುವುದಷ್ಟೇ ಮನೆಯಲ್ಲ. ಪಿಲ್ಲರಿನ ಬುಡದಲ್ಲಿ ಹಾಕುವ ಫುಟಿಂಗು ನಾಲ್ಕಡಿ ಚೌಕ ಎಂದುಕೊಳ್ಳಿ. ಪಿಲ್ಲರಿನ ನಡುಗೆರೆಯಿಂದ ಅದು ಎರಡೂ ಕಡೆ ಎರಡೆರಡು ಅಡಿ ಹರಡುತ್ತದೆ. ಗೋಡೆಯನ್ನು ಸೈಟಿನ ಅಂಚಿಗೇ ತಂದರೆ ಆ ಫುಟಿಂಗು ಪಕ್ಕದವರ ನೆಲದೊಳಕ್ಕೆ ಹೋಗಬೇಕು, ಇಲ್ಲವೇ ಅದನ್ನು ಒಂದು ಬದಿಗೆ ಮೊಟಕು ಮಾಡಬೇಕು. ಮೊಟಕು ಮಾಡಿದರೆ ಭಾರ ಒಂದೇ ಕಡೆ ಬಿದ್ದು ಪಿಲ್ಲರು ವಾಲಲು ನೋಡುತ್ತದೆ. ಅದನ್ನು ಒಳಗಿನ ಫುಟಿಂಗಿಗೆ ತೊಲೆಯಿಂದ ಕಟ್ಟುವ ವಿಧಾನ ಇದೆ, ಆದರೆ ಎಂಜಿನಿಯರು ಲೆಕ್ಕ ಹಾಕದೆ ಅದನ್ನು ಮಾಡುವಂತಿಲ್ಲ. ನಾಳೆ ಪಕ್ಕದವರು ತಮ್ಮ ಪಾಯ ತೋಡುವಾಗ ನಿಮ್ಮ ಫುಟಿಂಗಿನ ಕೆಳಗಿನ ಮಣ್ಣು ಕುಸಿಯದಂತೆ ಕಾಯುವುದೂ ನೀವಿಬ್ಬರೂ ಬಿಟ್ಟ ಆ ಖಾಲಿ ಜಾಗವೇ. ಕೊಡಗು, ಮಲೆನಾಡಿನ ಇಳಿಜಾರಿನಲ್ಲಿ ಇದರ ತೂಕ ಇನ್ನೂ ಹೆಚ್ಚು. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತ ಗುಡ್ಡ ಜಾರಿದ್ದನ್ನು ಕಂಡವರಿಗೆ, ಸೈಟು ಸಮ ಮಾಡಲು ಗುಡ್ಡದ ಬುಡ ಕಡಿಯುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ವಿದ್ಯುತ್ ತಂತಿಯಿಂದ ಬಿಡಬೇಕಾದ ಅಂತರವನ್ನೂ ದಯವಿಟ್ಟು ಹಗುರವಾಗಿ ಕಾಣಬೇಡಿ. 11 ಕೆವಿ ಲೈನಿಗೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರ್, ಮೇಲ್ಮುಖವಾಗಿ 3.7 ಮೀಟರ್ ಅಂತರ ಇರಬೇಕು. ಕೆಳಗಿನ ಮಹಡಿ ನಿಯಮದೊಳಗಿದ್ದು, ಮೇಲಿನ ಬಾಲ್ಕನಿಯನ್ನು ಮೂರಡಿ ಹೊರಗೆ ತಳ್ಳಿದಾಗ ಅದು ತಂತಿಯ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಇಪ್ಪತ್ತಡಿ ಕಂಬಿಯನ್ನು ಕೆಳಗಿನಿಂದ ಮೇಲಕ್ಕೆ ಎತ್ತಿಕೊಡುವ ಕೂಲಿಯವನ ಕಣ್ಣು ಕಂಬಿಯ ಮೇಲಿರುತ್ತದೆ, ತಂತಿಯ ಮೇಲಲ್ಲ.

ಶುಲ್ಕದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಊರಿಂದ ಊರಿಗೆ ಬೇರೆ. ಪರವಾನಗಿ ಶುಲ್ಕ, ಅಭಿವೃದ್ಧಿ ಶುಲ್ಕ, ನಿರ್ಮಾಣ ವೆಚ್ಚದ ಶೇ 1ರಷ್ಟು ಕಾರ್ಮಿಕ ಕಲ್ಯಾಣ ಸೆಸ್, ರಸ್ತೆ ಅಗೆತದ ಠೇವಣಿ ಮುಂತಾದವು ಇರುತ್ತವೆ. ಪ್ರತಿಯೊಂದಕ್ಕೂ ರಸೀದಿ ಕೇಳಿ. ಅರ್ಜಿಯನ್ನು ಈಗ ಆನ್‌ಲೈನಿನಲ್ಲಿ ನೋಂದಾಯಿತ ಎಂಜಿನಿಯರು ಅಥವಾ ಆರ್ಕಿಟೆಕ್ಟ್ ಮೂಲಕ ಹಾಕುತ್ತಾರೆ. ಕಟ್ಟಡ ಪರವಾನಗಿ, ನಿಗದಿತ ದಿನದೊಳಗೆ ಕೊಡುವ ಖಾತರಿಯಿರುವ ಸಕಾಲ ಸೇವೆಗಳಲ್ಲೊಂದು. 2011ರ ಸಕಾಲ ಕಾಯ್ದೆ ಪ್ರಕಾರ ಅರ್ಜಿಗೆ ಒಂದು ಜಿಎಸ್‌ಸಿ ಸಂಖ್ಯೆ ಸಿಗಬೇಕು. ನಿಗದಿತ ದಿನದೊಳಗೆ ಕೆಲಸವಾಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಉಂಟು. ಹಣ ದೊಡ್ಡದಲ್ಲ. ಆದರೆ ಆ ಸಂಖ್ಯೆ ಇದ್ದರೆ ಮೇಲ್ಮನವಿಗೆ ದಾರಿ ಇರುತ್ತದೆ, ಅರ್ಜಿ ಯಾರ ಮೇಜಿನ ಮೇಲೆ ನಿಂತಿದೆ ಎಂಬುದಕ್ಕೆ ದಾಖಲೆ ಇರುತ್ತದೆ. ಬಾಯಿಮಾತಿನಲ್ಲಿ ‘ಹಾಕಿದ್ದೇವೆ, ಬರುತ್ತೆ’ ಎನ್ನುವವರಿಂದ ಆ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಪರವಾನಗಿಗೆ ಸಾಮಾನ್ಯವಾಗಿ ಎರಡು ವರ್ಷದ ಅವಧಿ ಇರುತ್ತದೆ. ಕೆಲಸ ಎಳೆದರೆ ನವೀಕರಣ ಮಾಡಿಸಬೇಕು.

ಇನ್ನು ದಾರ ಎಳೆಯುವ ದಿನಕ್ಕೆ ಬರೋಣ. ಗುದ್ದಲಿ ಪೂಜೆಗೆ ನೆಂಟರು ಬರುತ್ತಾರೆ, ಪುರೋಹಿತರು ಬರುತ್ತಾರೆ, ಮುಹೂರ್ತದ ಗಡಿಬಿಡಿ ಇರುತ್ತದೆ. ಪೂಜೆಯನ್ನೂ ಮಾರ್ಕಿಂಗನ್ನೂ ಒಂದೇ ಬೆಳಗ್ಗೆ ಇಟ್ಟುಕೊಳ್ಳಬೇಡಿ. ಮಾರ್ಕಿಂಗಿಗೆ ಒಂದು ಇಡೀ ದಿನ ಬಿಡಿ, ಮಂಜೂರಾದ ನಕ್ಷೆಯ ದೊಡ್ಡ ಪ್ರತಿ ಕೈಯಲ್ಲಿರಲಿ, ನಕ್ಷೆಗೆ ಸಹಿ ಹಾಕಿದ ಎಂಜಿನಿಯರು ಜಾಗದಲ್ಲಿರಲಿ. ಮೊದಲು ಸೈಟಿನ ನಾಲ್ಕು ಮೂಲೆಕಲ್ಲು ಹುಡುಕಬೇಕು. ಕಲ್ಲು ಕಾಣದಿದ್ದರೆ ಬಡಾವಣೆಯ ನಕ್ಷೆ ಹಿಡಿದು ಅಳೆಸಿ, ಅಕ್ಕಪಕ್ಕದವರನ್ನು ಕರೆದು ಅವರ ಎದುರಿಗೇ ಗೂಟ ಹೊಡೆಯಿರಿ. ರಸ್ತೆಯ ಡಾಂಬರಿನ ಅಂಚಿನಿಂದ ಅಳತೆ ಶುರುಮಾಡುವುದು ಬಲು ಸಾಮಾನ್ಯ ತಪ್ಪು. ಸೆಟ್‌ಬ್ಯಾಕು ಅಳೆಯಬೇಕಾದದ್ದು ನಿಮ್ಮ ಸೈಟಿನ ಗಡಿಯಿಂದ.

ಆಮೇಲೆ ಮೇಸ್ತ್ರಿ ದಾರ ಕಟ್ಟುತ್ತಾನೆ. ಇಲ್ಲಿ ಒಂದು ಸೂಕ್ಷ್ಮವಿದೆ. ಮೇಸ್ತ್ರಿ ಕಟ್ಟುವುದು ಗೋಡೆಯ ನಡುಗೆರೆಗೆ. ನಕ್ಷೆಯಲ್ಲಿ ಸೆಟ್‌ಬ್ಯಾಕು ಬರೆದಿರುವುದು ಗೋಡೆಯ ಹೊರಮೈಗೆ. ಒಂಬತ್ತಂಗುಲದ ಗೋಡೆಯಾದರೆ ನಡುಗೆರೆಯಿಂದ ಹೊರಮೈಗೆ ನಾಲ್ಕೂವರೆ ಅಂಗುಲ. ಪ್ಲಾಸ್ಟರು ಸೇರಿದರೆ ಐದಕ್ಕೂ ಹೆಚ್ಚು. ಮೂರಡಿ ಬಿಟ್ಟಿದ್ದೇನೆ ಎಂದು ಮೇಸ್ತ್ರಿ ಪ್ರಾಮಾಣಿಕವಾಗಿಯೇ ಹೇಳುತ್ತಾನೆ, ಮನೆ ಎದ್ದ ಮೇಲೆ ಎರಡೂವರೆ ಅಡಿಗಿಂತ ತುಸುವೇ ಹೆಚ್ಚು ಉಳಿದಿರುತ್ತದೆ. ಆದ್ದರಿಂದ ‘ಈ ದಾರ ನಡುಗೆರೆಯದೋ, ಹೊರಮೈಯದೋ’ ಎಂದು ಪ್ರತಿ ದಾರಕ್ಕೂ ಕೇಳಿ. ಮೂಲೆ ನೇರವಿದೆಯೇ ಎಂದು ನೋಡಲು ಒಂದು ದಾರದ ಮೇಲೆ ಮೂರಡಿ, ಇನ್ನೊಂದರ ಮೇಲೆ ನಾಲ್ಕಡಿ ಗುರುತು ಹಾಕಿ. ಎರಡು ಗುರುತಿನ ನಡುವೆ ಟೇಪಿನಲ್ಲಿ ಐದಡಿ ಬಂದರೆ ಮೂಲೆ ಸರಿ. ಎಲ್ಲ ಮುಗಿದ ಮೇಲೆ ಇಡೀ ಕಟ್ಟಡದ ಎರಡು ಕರ್ಣಗಳನ್ನು ಅಳೆಯಿರಿ, ಎರಡೂ ಒಂದೇ ಬರಬೇಕು. ನಮ್ಮ ಮಕ್ಕಳಿಗೆ ಮೊದಲ ಸೆಮಿಸ್ಟರಿನಲ್ಲೇ ಇದನ್ನು ಕಾಲೇಜಿನ ಮೈದಾನದಲ್ಲಿ ಮಾಡಿಸುತ್ತೇವೆ. ಗಣಿತಕ್ಕೆ ಹೆದರುವ ಹುಡುಗ ಹುಡುಗಿಯರೂ ಟೇಪಿನಲ್ಲಿ ಐದಡಿ ಸರಿಯಾಗಿ ಬಂದಾಗ ಹಿಗ್ಗುವುದನ್ನು ನೋಡುವುದು ನನಗೆ ಬಹಳ ಇಷ್ಟ.

ಅಂದೇ ನಗರಸಭೆಯ ಎಂಜಿನಿಯರಿಗೆ ಒಂದು ಅರ್ಜಿ ಕೊಡಿ: ಮಾರ್ಕಿಂಗ್ ಆಗಿದೆ, ಬಂದು ನೋಡಿ ಎಂದು. ಪಾಯ ಮುಗಿದು ನೆಲಗಟ್ಟಿನ ಮಟ್ಟಕ್ಕೆ ಬಂದಾಗ ಇನ್ನೊಂದು. ಕರೆಯದೆ ಅವರು ಬರುವುದು ಕಷ್ಟ. ಸಣ್ಣ ಊರಿನಲ್ಲಿ ಇಡೀ ಊರಿಗೆ ಒಬ್ಬರೋ ಇಬ್ಬರೋ ಎಂಜಿನಿಯರು. ನೀರಿನ ಮೋಟಾರು ಸುಟ್ಟರೂ ಅವರೇ, ಚರಂಡಿ ಕಟ್ಟಿಕೊಂಡರೂ ಅವರೇ, ರಸ್ತೆಯ ಟೆಂಡರಿಗೂ ಅವರೇ. ಬೀದಿ ಬೀದಿ ಸುತ್ತಿ ಯಾರು ಎಷ್ಟು ಬಿಟ್ಟು ಕಟ್ಟುತ್ತಿದ್ದಾರೆ ಎಂದು ನೋಡುವ ಪುರುಸೊತ್ತು ಅವರಿಗಿಲ್ಲ. ಪಕ್ಕದವರ ದೂರು ಬಂದ ಮೇಲೆಯೇ ಅವರು ಜೀಪು ಹತ್ತುವುದು, ದೂರು ಬರುವ ಹೊತ್ತಿಗೆ ಎರಡನೇ ಮೋಲ್ಡ್ ಬಿದ್ದಿರುತ್ತದೆ. ನಮ್ಮ ಕಟ್ಟಡ ನಿಯಂತ್ರಣದ ದೊಡ್ಡ ಕೊರತೆ ಇದೇ ಎಂದು ನನ್ನ ಗಟ್ಟಿ ನಂಬಿಕೆ. ಕಾನೂನು ಸಾಲದೆಂದಲ್ಲ, ಅದು ತಡವಾಗಿ ಬರುತ್ತದೆ.

ಬಂದಾಗ ಹೇಗೆ ಬರುತ್ತದೆ? ಮೊದಲು ಕೆಲಸ ನಿಲ್ಲಿಸಿ ಎಂಬ ನೋಟಿಸು. ಅದು ಬಂದ ಗಳಿಗೆಯಲ್ಲೇ ನಿಲ್ಲಿಸಿ. ‘ಇವತ್ತು ರಾತ್ರಿ ಮೋಲ್ಡ್ ಹಾಕಿಬಿಡೋಣ, ಆಮೇಲೆ ನೋಡಿಕೊಳ್ಳೋಣ’ ಎನ್ನುವವರ ಮಾತು ಕೇಳಿದರೆ ಮುಂದೆ ನಿಮ್ಮ ಪರ ಮಾತಾಡಲು ಯಾರಿಗೂ ಬಾಯಿ ಇರುವುದಿಲ್ಲ. ಆಮೇಲೆ ಕಾರಣ ಕೇಳುವ ನೋಟಿಸು ಬರುತ್ತದೆ. ಅದಕ್ಕೆ ಲಿಖಿತವಾಗಿ, ಅವಧಿಯೊಳಗೆ ಉತ್ತರ ಕೊಡಬೇಕು, ಮಂಜೂರಾದ ನಕ್ಷೆ ಮತ್ತು ಈಗ ಕಟ್ಟಿರುವ ಅಳತೆಯ ನಕ್ಷೆ ಎರಡನ್ನೂ ಇಟ್ಟು. ಅಲ್ಪಸ್ವಲ್ಪ ವ್ಯತ್ಯಾಸವನ್ನು ದಂಡ ಕಟ್ಟಿಸಿಕೊಂಡು ಒಪ್ಪಲು ಉಪವಿಧಿಗಳಲ್ಲಿ ಅವಕಾಶವಿದೆ, ಪರಿಷ್ಕೃತ ನಕ್ಷೆಗೆ ಅರ್ಜಿ ಹಾಕಲೂಬಹುದು. ಅದನ್ನು ಮೀರಿದ್ದರೆ ತೆರವಿನ ಆದೇಶ, ಅದರ ಮೇಲೆ ಮೇಲ್ಮನವಿ.

ಕಟ್ಟಡದ ಮಾಲೀಕರಿಗೂ ಇಲ್ಲಿ ಹಕ್ಕುಗಳಿವೆ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದ ಪ್ರಕಾರ ಕನಿಷ್ಠ 15 ದಿನದ ನೋಟಿಸು ಇಲ್ಲದೆ ಯಾವ ಕಟ್ಟಡವನ್ನೂ ಕೆಡವುವಂತಿಲ್ಲ. ನೋಟಿಸನ್ನು ನೋಂದಾಯಿತ ಅಂಚೆಯಲ್ಲಿ ಕಳಿಸಬೇಕು, ಕಟ್ಟಡದ ಮೇಲೂ ಅಂಟಿಸಬೇಕು. ಮಾಲೀಕರ ಮಾತು ಕೇಳಬೇಕು, ಕಾರಣ ಬರೆದು ಆದೇಶ ಮಾಡಬೇಕು, ಆದೇಶದ ನಂತರವೂ ತಾವೇ ತೆರವು ಮಾಡಲು ಅಥವಾ ಮೇಲ್ಮನವಿ ಹೋಗಲು 15 ದಿನ ಕೊಡಬೇಕು. ರಸ್ತೆ, ಫುಟ್‌ಪಾತ್, ರೈಲು ಹಳಿಯ ಅಂಚು, ನದಿ-ಕೆರೆಗಳ ಮೇಲಿನ ಒತ್ತುವರಿಗೆ ಈ ರಕ್ಷಣೆ ಇಲ್ಲ. ಗೇಟಿನ ಮುಂದಿನ ಇಳಿಜಾರನ್ನು ರಸ್ತೆಯ ಮೇಲೆ ಹಾಕಿ, ಚರಂಡಿಗೆ ಕಾಂಕ್ರೀಟು ಮುಚ್ಚಿದವರು ಇದನ್ನು ನೆನಪಿಡಬೇಕು. ಬುಲ್ಡೋಜರನ್ನು ನೋಡಿ ಚಪ್ಪಾಳೆ ತಟ್ಟುವ ಮನಸ್ಸು ನನಗಿಲ್ಲ. ಕೆಡವಿದ ಮನೆಯಲ್ಲಿ ಸಾಲ ತೀರಿರುವುದಿಲ್ಲ, ಮಕ್ಕಳ ಪುಸ್ತಕಗಳು ಮಣ್ಣಿನಡಿ ಇರುತ್ತವೆ. ಪಾಯದ ಹಂತದಲ್ಲೇ ಒಬ್ಬ ಎಂಜಿನಿಯರು ಟೇಪು ಹಿಡಿದು ಬಂದಿದ್ದರೆ ಅಲ್ಲಿಗೆ ಬಗೆಹರಿಯುತ್ತಿತ್ತು.

ಮನೆ ಮುಗಿದ ಮೇಲೆ ಸ್ವಾಧೀನಾನುಭವ ಪತ್ರ, ಎಲ್ಲರ ಬಾಯಲ್ಲಿ ಒಸಿ. ನಕ್ಷೆಯಂತೆ ಕಟ್ಟಿದೆ, ವಾಸಿಸಲು ಯೋಗ್ಯ ಎಂದು ನಗರಸಭೆ ಕೊಡುವ ಪತ್ರ ಅದು. ಸಣ್ಣ ಊರುಗಳಲ್ಲಿ ಗೃಹಪ್ರವೇಶವೇ ಕೊನೆಯ ಹಂತ ಎಂದುಕೊಂಡವರು ಬಹಳ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಆ ಅಭ್ಯಾಸವನ್ನು ಅಲುಗಾಡಿಸಿತು. ಆ ಪತ್ರ ಇದ್ದರೆ ಮಾತ್ರ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು, ಮಂಜೂರಾದ ನಕ್ಷೆಯನ್ನು ಕೆಲಸ ನಡೆಯುವಷ್ಟು ದಿನವೂ ಜಾಗದಲ್ಲಿ ಪ್ರದರ್ಶಿಸಬೇಕು, ಅಧಿಕಾರಿಗಳು ಆಗಾಗ ಬಂದು ನೋಡಿ ದಾಖಲಿಸಬೇಕು ಎಂದಿತು ನ್ಯಾಯಾಲಯ. ಮುಗಿದ ಮನೆಗಳು ಕರೆಂಟಿಲ್ಲದೆ ನಿಂತವು. 2025ರಲ್ಲಿ ರಾಜ್ಯ ಸರ್ಕಾರ 1200 ಚದರಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ, ಮಹಡಿಗಳ ಮಿತಿಯೊಳಗೆ, ಒಸಿಯಿಂದ ವಿನಾಯಿತಿ ಕೊಡಲು ತೀರ್ಮಾನಿಸಿತು. ಅದು ಒಸಿಗೆ ಕೊಟ್ಟ ವಿನಾಯಿತಿ, ಮಂಜೂರಾದ ನಕ್ಷೆಗೆ ಕೊಟ್ಟದ್ದಲ್ಲ.

ಈ ಪತ್ರ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಧಾರವಾಡದ ಕುಮಾರೇಶ್ವರ ನಗರವನ್ನು ನೆನಪಿಸುತ್ತೇನೆ. 2019ರ ಮಾರ್ಚ್ 19ರಂದು ಅಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಮೇಲೆ ಕೆಲಸ ನಡೆದಿರುವಾಗಲೇ ಕೆಳಗೆ ಅಂಗಡಿಗಳು ತೆರೆದಿದ್ದವು. ಕಟ್ಟಡ ಮುಗಿದು, ಪರೀಕ್ಷೆಯಾಗಿ, ಪತ್ರ ಬರುವವರೆಗೆ ಒಳಗೆ ಜನ ಇರಕೂಡದು ಎಂಬ ನಿಯಮದ ಅರ್ಥ ಅಷ್ಟೇ. ತಮಿಳುನಾಡಿನ ಕುಂಭಕೋಣವೂ ನಮ್ಮ ಊರುಗಳಂಥದೇ ಸಣ್ಣ ನಗರ. 2004ರ ಜುಲೈ 16ರಂದು ಅಲ್ಲಿನ ಶಾಲೆಯೊಂದರ ಅಡುಗೆಮನೆಯಿಂದ ಎದ್ದ ಬೆಂಕಿ ಗರಿ ಹೊದಿಸಿದ ಮಾಡಿಗೆ ಹತ್ತಿ 94 ಮಕ್ಕಳು ತೀರಿಕೊಂಡರು. ಆ ದುರಂತದ ಹಿನ್ನೆಲೆಯಲ್ಲಿ ನಡೆದ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್, ದೇಶದ ಶಾಲಾ ಕಟ್ಟಡಗಳು ಸಂಹಿತೆಯ ಸುರಕ್ಷತಾ ನಿಯಮಗಳನ್ನು ಪಾಲಿಸಲೇಬೇಕು ಎಂದಿತು. ಇಂದು ನಮ್ಮ ಶಾಲೆಗಳಿಂದ ಕಟ್ಟಡ ಹಾಗೂ ಅಗ್ನಿ ಸುರಕ್ಷತೆಯ ಪ್ರಮಾಣಪತ್ರ ಕೇಳುವುದರ ಹಿಂದೆ ಆ ಮಕ್ಕಳಿದ್ದಾರೆ.

ನೀವು ಮಾಡಬೇಕಾದ ಕೆಲಸ ದೊಡ್ಡದಲ್ಲ. ಬಿಳಿ ಹಾಳೆಯಲ್ಲಿ ಪೌರಾಯುಕ್ತರಿಗೆ, ಪುರಸಭೆಯಾದರೆ ಮುಖ್ಯಾಧಿಕಾರಿಗೆ, ಒಂದು ಅರ್ಜಿ ಬರೆಯಿರಿ. ಪರವಾನಗಿ ಸಂಖ್ಯೆ, ದಿನಾಂಕ, ಖಾತೆ ಸಂಖ್ಯೆ, ಮಾರ್ಕಿಂಗ್ ಮುಗಿದ ದಿನ, ಪಾಯ ತೋಡಲು ಶುರುಮಾಡುವ ದಿನ ಇಷ್ಟು ಇದ್ದರೆ ಸಾಕು. ‘ನಡುವಿನ ದಿನಗಳಲ್ಲಿ ಸ್ಥಳ ಪರಿಶೀಲನೆ ಮಾಡಬೇಕೆಂದು ಕೋರುತ್ತೇನೆ’ ಎಂದು ಸೇರಿಸಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಆವಕ ವಿಭಾಗದ ಮೊಹರು ಹಾಕಿಸಿಕೊಳ್ಳಿ. ಅವರು ಬಂದರೆ ನಿಮ್ಮ ಎಂಜಿನಿಯರು ಅಲ್ಲೇ ಇರಲಿ, ಅಳತೆಗಳನ್ನು ನಕ್ಷೆಯ ಪ್ರತಿಯ ಮೇಲೆಯೇ ಬರೆಸಿ ಸಹಿ ಕೇಳಿ. ಬರದಿದ್ದರೆ ದಾರ, ಟೇಪು, ಮೂಲೆಕಲ್ಲು ಒಟ್ಟಿಗೆ ಕಾಣುವಂತೆ ನಾಲ್ಕೂ ಬದಿಯಿಂದ ಫೋಟೊ ತೆಗೆದು, ಮೊಹರಾದ ಪ್ರತಿಯ ಜೊತೆ ಒಂದೇ ಫೈಲಿನಲ್ಲಿಡಿ. ಆಮೇಲೆ ಗುದ್ದಲಿ ಹಾಕಿಸಿ.